ಸೆರಗು ಬಿಡುವ ಶಾಸ್ತ್ರ

ಬಳೇಪೇಟೆಯ ರೇಷ್ಮೆ ಅಂಗಡಿಯಲ್ಲಿ ಗಾದಿಯ ಮೇಲೆ ಬಿಚ್ಚಿ ಹರಡಿದ ಸೀರೆಯನ್ನು ಯಾವಾಗ ಮಡಿಸಬಹುದು ಎಂಬುದು ಗಹನವಾದ ಪ್ರಶ್ನೆ. ಪ್ರಚಲಿತ ಸಿದ್ಧಾಂತದಂತೆ, ಮುಟ್ಟಿದ ಪ್ರತಿ ಕೈಗೆ ಎಣಿಕೆ ಒಂದು ಏರುತ್ತದೆ, ಬಿಟ್ಟ ಪ್ರತಿ ಕೈಗೆ ಒಂದು ಇಳಿಯುತ್ತದೆ; ಸೊನ್ನೆಯಾದ ಕೂಡಲೇ ಅಂಗಡಿ ಹುಡುಗನು ಮಡಿಸತಕ್ಕದ್ದು. ಲಿನಕ್ಸ್ ಕರ್ನೆಲ್‌ನ ನೆಟ್‌ವರ್ಕಿಂಗ್ ವಿಭಾಗವೂ ಇದೇ ಪದ್ಧತಿಯನ್ನು ಅನುಸರಿಸುತ್ತದೆ. ಅಲ್ಲಿ ಹಿಡಿಯುವುದಕ್ಕೆ ‘ಡೆವ್_ಹೋಲ್ಡ್’, ಬಿಡುವುದಕ್ಕೆ ‘ಡೆವ್_ಪುಟ್’. ಸೀರೆಯ ಜಾಗದಲ್ಲಿ ನೆಟ್‌ವರ್ಕ್ ಸಾಧನವಿರುತ್ತದೆ, ಜರಿ ಇರುವುದಿಲ್ಲ.

ದೋಷಗಳು ಎರಡು ಬಗೆ. ಚಿಕ್ಕಮ್ಮನವರು ಅಂಚನ್ನು ಇನ್ನೂ ಸವರುತ್ತಿರುವಾಗಲೇ ಹುಡುಗನು ಅದನ್ನು ಮಡಿಸಿ ಬೇರೆ ಗಿರಾಕಿಗೆ ಮಾರುವುದು ಮೊದಲನೆಯದು. ಕರ್ನೆಲ್‌ನಲ್ಲಿ ಇಂಥ ‘ಯೂಸ್ ಆಫ್ಟರ್ ಫ್ರೀ’ಯ ಸಂದಿಯಲ್ಲಿ ನುಸುಳಿದವರು ಇಡೀ ಯಂತ್ರವನ್ನೇ ವಶಪಡಿಸಿಕೊಳ್ಳಬಲ್ಲರು. ಚಿಕ್ಕಮ್ಮನವರಾದರೆ ಅಂಗಡಿಯನ್ನು. ಎರಡನೆಯದು, ‘ಮನೇಲಿ ಕೇಳ್ಕೊಂಡು ಬರ್ತೀವಿ’ ಎಂದು ಎದ್ದುಹೋದವರಲ್ಲಿ ಒಬ್ಬರ ಕೈ ಲೆಕ್ಕದಲ್ಲೇ ಉಳಿದುಬಿಡುವುದು. ವ್ಯಾಪಾರ ಕುದುರಿದಾಗ ಎಲ್ಲರೂ ಬಿಡುತ್ತಾರೆ. ಅರ್ಧಕ್ಕೆ ಎದ್ದುಹೋಗುವ ದಾರಿಯಲ್ಲಿಯೇ ‘ಪುಟ್’ ಮರೆಯುವುದು ವಾಡಿಕೆ. ಶುಚಿಕಾರ್ಯವೆಂದರೆ ಬಹುಪಾಲು ಈ ದಾರಿಗಳನ್ನು ಗುಡಿಸುವುದೇ.

2017 ಎರಡು ಸುಧಾರಣೆಗಳ ವರ್ಷ. ಚಿಕ್ಕಪೇಟೆಯ ನೆಲದಡಿ ಮೆಟ್ರೊ ನಿಲ್ದಾಣ ತೆರೆಯಿತು, ಕರ್ನೆಲ್ 4.11ರಲ್ಲಿ ‘ರೆಫ್‌ಕೌಂಟ್_ಟಿ’ ಎಂಬ ಜಾಗರೂಕ ಎಣಿಕೆ ಬಂತು. ಹಿಂದೆ ಎಣಿಕೆ ಮಿತಿಮೀರಿದರೆ ಸುತ್ತು ಹಾಕಿ ಸೊನ್ನೆಗೆ ಮರಳುತ್ತಿತ್ತು. ಈಗ ಅದು ಇದ್ದಲ್ಲೇ ಅಂಟಿಕೊಳ್ಳುತ್ತದೆ. ಆ ವಸ್ತುವನ್ನು ಇನ್ನೆಂದೂ ಮಡಿಸುವುದಿಲ್ಲ. ಒಂದೇ ಸೀರೆಯನ್ನು ಇಬ್ಬರಿಗೆ ಮಾರುವುದಕ್ಕಿಂತ ಅದನ್ನು ಮೊಮ್ಮಕ್ಕಳ ಕಾಲದವರೆಗೆ ಹರಡಿಡುವುದು ಲೇಸೆಂದು ಪಂಡಿತರ ಮತ. 2022ರ 5.17ರಲ್ಲಿ ಎರಿಕ್ ಡುಮಾಜೆ ಅವರ ರೆಫ್ ಟ್ರ್ಯಾಕರ್ ಸೇರಿದ ಮೇಲೆ, ಪರೀಕ್ಷೆಗೆಂದು ಕಟ್ಟಿದ ಕರ್ನೆಲ್‌ಗಳಲ್ಲಿ ಯಾರು ಎಲ್ಲಿಂದ ಹಿಡಿದರೆಂಬುದೂ ದಾಖಲಾಗುತ್ತದೆ. ಬಳೇಪೇಟೆಯಲ್ಲಿ ಇದನ್ನು ಗಲ್ಲಾದ ಮೇಲೆ ಕೂತ ಯಜಮಾನರು ಕನ್ನಡಕದ ಮೇಲಿನಿಂದ ನೋಡಿಯೇ ನಿರ್ವಹಿಸುತ್ತಾರೆ.

ಸಾಧನವನ್ನು ತೆಗೆದುಹಾಕುವಾಗ ಲೆಕ್ಕ ಇಳಿಯದಿದ್ದರೆ ಕರ್ನೆಲ್ ಕಾಯುತ್ತದೆ. ‘ಲೋ ಬಿಡುವಾಗಲೆಂದು ಕಾಯಲಾಗುತ್ತಿದೆ’ ಎಂಬರ್ಥದ ಸಂದೇಶವನ್ನು 10 ಸೆಕೆಂಡಿಗೊಮ್ಮೆ ಸಾರುತ್ತದೆ. ‘ಲೋ’ ಎಂಬುದು ಯಂತ್ರವು ತನ್ನೊಡನೆ ತಾನೇ ಮಾತಾಡಿಕೊಳ್ಳುವ ಸಾಧನ. ಸಂದೇಶದ ದರ್ಜೆ ಮಾತ್ರ ತುರ್ತುಗಳಲ್ಲೇ ಅತ್ಯುಚ್ಚವಾದದ್ದು. ವ್ಯವಸ್ಥೆಯೇ ನಿರುಪಯುಕ್ತವಾದಾಗ ಬಳಸಲೆಂದು ಮೀಸಲಿಟ್ಟದ್ದು. ಯಜಮಾನರು ಇದೇ ಸಂದೇಶವನ್ನು ಶಟರ್ ಅರ್ಧ ಇಳಿಸಿ, ‘ಪ್ಯಾಕ್ ಮಾಡ್ಲಾಮ್ಮ?’ ಎಂಬ ಕೆಳದರ್ಜೆಯಲ್ಲಿ ಹೊರಡಿಸುತ್ತಾರೆ. ಆಗ ಚಿಕ್ಕಮ್ಮನವರು ಸೊಸೆಯತ್ತ ತಿರುಗಿ, ‘ನೀನೂ ಒಂಚೂರು ಮುಟ್ಟಿ ನೋಡೇ’ ಎನ್ನುತ್ತಾರೆ. ಎಣಿಕೆ 2.