ಸಂಬಳ ಪಡೆದು ಕಲಿತವರಿಗೆ ಒಂದು ಬಹಿರಂಗ ಪತ್ರ

ಅಮೆರಿಕದ ಮಕ್ಕಳ ಆಸ್ಪತ್ರೆಗಳಲ್ಲಿರುವ ಕನ್ನಡಿಗ ವೈದ್ಯರೇ,

ನಿಮ್ಮ ವಾರ್ಡುಗಳಲ್ಲಿ ಗೊಂಬೆ, ಸೋಪಿನ ಗುಳ್ಳೆ, ಬಣ್ಣದ ಪೆನ್ಸಿಲ್ಲು ಹಿಡಿದು ಓಡಾಡುವ ಚೈಲ್ಡ್ ಲೈಫ್ ಸ್ಪೆಷಲಿಸ್ಟರನ್ನು ನೀವು ದಿನವೂ ನೋಡುತ್ತೀರಿ. ಆ ಕೆಲಸ ಕಲಿಯಲು ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕುತ್ತಿರುವವಳು ನಾನು. ಅರ್ಜಿ ಆಯ್ಕೆ ಸಮಿತಿಗೆ ಹೋಗಿದೆ. ಈ ಪತ್ರ ಮಾತ್ರ ನಿಮಗೆ. ಏಕೆಂದರೆ ಆಸ್ಪತ್ರೆಯ ಆಡಳಿತದಲ್ಲಿ ನಿಮ್ಮ ಮಾತು ನಡೆಯುತ್ತದೆ.

ನಮ್ಮ ಮನೆಗಳಲ್ಲಿ ಹಟ ಮಾಡುವ ಮಗುವಿಗೆ ಏನು ಹೇಳುತ್ತೇವೆ? "ಸುಮ್ನಿರು, ಇಲ್ದಿದ್ರೆ ಡಾಕ್ಟ್ರ ಹತ್ರ ಸೂಜಿ ಚುಚ್ಚಿಸ್ತೀನಿ." ಮೂರು ನಾಲ್ಕು ವರ್ಷದ ಮಗು ಕಾಯಿಲೆಯನ್ನೂ ಇಂಜೆಕ್ಷನ್ನನ್ನೂ ತನ್ನ ತಪ್ಪಿಗೆ ಸಿಕ್ಕ ಶಿಕ್ಷೆ ಎಂದು ನಂಬುವುದು ಸುಲಭ. ಅಂಥ ಮಗುವಿಗೆ ಡ್ರಿಪ್ ಹಾಕುವ ಮೊದಲು ಚೈಲ್ಡ್ ಲೈಫ್‌ನವರು ಗೊಂಬೆಯ ಕೈಗೆ ಡ್ರಿಪ್ ಹಾಕಿ ತೋರಿಸುತ್ತಾರೆ. ಸೂಜಿ ತೆಗೆದ ಮೇಲೆ ಕೈಯಲ್ಲಿ ಉಳಿಯುವ ಮೆತ್ತನೆಯ ನಳಿಕೆಯನ್ನು ಮುಟ್ಟಿ ನೋಡಲು ಕೊಡುತ್ತಾರೆ. ನಾಲ್ಕು ಜನ ಅದುಮಿ ಹಿಡಿಯುವ ಬದಲು ಅಮ್ಮನ ತೊಡೆಯ ಮೇಲೆ, ಅವಳನ್ನು ತಬ್ಬಿಕೊಂಡು ಕೂರುವಂತೆ ಮಾಡುತ್ತಾರೆ. "ನೋಯೋದೇ ಇಲ್ಲ ಪುಟ್ಟಾ" ಎಂಬ ಸುಳ್ಳನ್ನು ಹೇಳುವುದೇ ಇಲ್ಲ. ನನ್ನನ್ನು ಈ ಕೆಲಸಕ್ಕೆ ಎಳೆದದ್ದೇ ಈ ಪ್ರಾಮಾಣಿಕತೆ.

ವಿಯೆನ್ನಾದಲ್ಲಿ ಹುಟ್ಟಿದ ಎಮ್ಮಾ ಪ್ಲ್ಯಾಂಕ್ 1955ರಲ್ಲಿ ಕ್ಲೀವ್‌ಲ್ಯಾಂಡ್‌ನ ನಗರ ಆಸ್ಪತ್ರೆಯಲ್ಲಿ ಇಂಥದೊಂದು ವಿಭಾಗ ಕಟ್ಟಿದರು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಈ ಸೇವೆಯನ್ನು ಒಳ್ಳೆಯ ಚಿಕಿತ್ಸೆಯ ಅತ್ಯಗತ್ಯ ಭಾಗವೆಂದು ಒಪ್ಪಿದೆ. ಅತ್ಯಗತ್ಯವಾದದ್ದನ್ನು ಕಲಿಸುವ ರೀತಿ ಮಾತ್ರ ಹೀಗಿದೆ: ಪದವಿ ಬೇಕು, ನಿಗದಿತ ಕೋರ್ಸುಗಳು ಬೇಕು, ಪ್ರಮಾಣಪತ್ರ ಪಡೆದ ಸ್ಪೆಷಲಿಸ್ಟರ ಕೈಕೆಳಗೆ 600 ಗಂಟೆಗಳ ಇಂಟರ್ನ್‌ಶಿಪ್ ಬೇಕು, ಆಮೇಲೆ ಪರೀಕ್ಷೆ. ವಾರಕ್ಕೆ 40 ಗಂಟೆಯಂತೆ 600 ಗಂಟೆ ಎಂದರೆ 15 ವಾರ. ಹೆಚ್ಚಿನ ಕಡೆ ಇದಕ್ಕೆ ಬಿಡಿಗಾಸೂ ಇಲ್ಲ. ವಿದ್ಯಾರ್ಥಿಯಾಗಿದ್ದರೆ ಆ ಗಂಟೆಗಳ ಕ್ರೆಡಿಟ್ಟಿಗೆ ಕಾಲೇಜಿಗೆ ನಾವೇ ಫೀಸು ಕಟ್ಟಬೇಕಾಗುತ್ತದೆ. ಸೀಟು ಸಿಗುವುದು ಇನ್ನೊಂದು ಊರಿನಲ್ಲಾದರೆ ಬಾಡಿಗೆ ಬೇರೆ. ಇಡೀ ದಿನ ವಾರ್ಡಿನಲ್ಲಿದ್ದವಳು ಸಂಜೆ ಬೇರೆ ಕೆಲಸಕ್ಕೆ ಹೋಗಿ ಎಷ್ಟು ದಿನ ತಡೆದಾಳು?

ನೀವು ರೆಸಿಡೆನ್ಸಿ ಮಾಡುವಾಗ ಸಂಬಳ ಪಡೆದಿರಿ. ಮಕ್ಕಳ ಆಸ್ಪತ್ರೆಗಳಲ್ಲಿ ವೈದ್ಯರನ್ನು ತರಬೇತುಗೊಳಿಸಲೆಂದೇ ಅಮೆರಿಕದ ಕೇಂದ್ರ ಸರ್ಕಾರ 1999ರಲ್ಲಿ ಪ್ರತ್ಯೇಕ ಅನುದಾನದ ಯೋಜನೆ ತಂದಿತು. ನಮ್ಮ ಕರ್ನಾಟಕದಲ್ಲೂ ಹೌಸ್ ಸರ್ಜನ್‌ಗಳಿಗೆ ಸ್ಟೈಪೆಂಡ್ ಇದೆ. ಕಲಿಯುತ್ತಲೇ ದುಡಿಯುವವರಿಗೆ ಹಣ ಕೊಡಬೇಕೆಂಬುದು ನಿಮಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ.

ಆಸ್ಪತ್ರೆಗಳ ಉತ್ತರ ನನಗೆ ಗೊತ್ತು. ಈ ಸೇವೆಗೆ ಸಾಮಾನ್ಯವಾಗಿ ವಿಮಾ ಕಂಪನಿಗೆ ಬಿಲ್ ಹಾಕಲಾಗುವುದಿಲ್ಲ. ಆಸ್ಪತ್ರೆಯ ಬಜೆಟ್ಟು, ದಾನಿಗಳ ಹಣ, ಇವೆರಡರಲ್ಲೇ ವಿಭಾಗ ನಡೆಯಬೇಕು. ನಿಜವೇ. ಆದರೆ ಆ ಕೊರತೆಯನ್ನು ತುಂಬಿಕೊಡುವ ಹೊರೆ ಬೀಳುತ್ತಿರುವುದು ಇಡೀ ಆಸ್ಪತ್ರೆಯಲ್ಲೇ ಅತಿ ಕಡಿಮೆ ಹಣವಿರುವವರ ಮೇಲೆ. ಅಪ್ಪ ಅಮ್ಮ ಬಾಡಿಗೆ ಕಟ್ಟಬಲ್ಲವರು ಈ ಕೆಲಸಕ್ಕೆ ಬರುತ್ತಾರೆ, ಉಳಿದವರು ಅರ್ಜಿಯನ್ನೇ ಹಾಕುವುದಿಲ್ಲ. ವಾರ್ಡಿಗೆ ಬರುವ ಮಕ್ಕಳಾದರೋ ಎಲ್ಲ ಮನೆಗಳಿಂದ, ಎಲ್ಲ ಭಾಷೆಗಳಿಂದ ಬರುತ್ತಾರೆ. ತನ್ನ ಮನೆಯಂಥ ಮನೆಯಿಂದ ಬಂದವರೊಬ್ಬರು ಹಾಸಿಗೆಯ ಪಕ್ಕ ಕೂತಾಗ ಹೆದರಿದ ಮಗುವಿಗೆ ಆಗುವ ಧೈರ್ಯವನ್ನು ನೀವು ಕಂಡಿಲ್ಲವೇ?

ಕನ್ನಡ ಕೂಟಗಳಲ್ಲಿ ಊರಿನ ಶಾಲೆಗೆ, ಆಸ್ಪತ್ರೆಗೆ ಹಣ ಕೂಡಿಸುವವರು ನೀವು. ಅದರ ಜೊತೆಗೆ ನೀವು ದುಡಿಯುವ ಆಸ್ಪತ್ರೆಯಲ್ಲಿ ಒಬ್ಬ ಇಂಟರ್ನ್‌ನ 15 ವಾರದ ಊಟ, ಬಾಡಿಗೆಗಾಗುವಷ್ಟು ನಿಧಿ ಇಡಿಸಿ. ಅದು ನನಗೇ ಸಿಗಬೇಕೆಂದಿಲ್ಲ. ಮುಂದಿನ ಬಜೆಟ್ ಸಭೆಯಲ್ಲಿ ಚೈಲ್ಡ್ ಲೈಫ್ ಇಂಟರ್ನ್‌ಗಳ ಸ್ಟೈಪೆಂಡ್ ವಿಷಯವನ್ನು ದಯವಿಟ್ಟು ನೀವೇ ಎತ್ತಿ.