ಕಮೆಂಟಿನ ಮುಯ್ಯಿ

ಬಾಲಾನಗರಕ್ಕೆ ಯಾರೂ ಲೇಖಕರಾಗಲೆಂದು ಬರುವುದಿಲ್ಲ. ಟರ್ನರ್ ಆಗಲು ಬರುತ್ತಾರೆ, ಫಿಟ್ಟರ್ ಆಗಲು ಬರುತ್ತಾರೆ, ಡೈ ಮಾಡುವುದನ್ನು ಕಲಿಯಲು ಬರುತ್ತಾರೆ. ಹೈದರಾಬಾದಿನ ವಾಯವ್ಯಕ್ಕಿರುವ ಈ ಕಾರ್ಖಾನೆಗಳ ಬಡಾವಣೆಯಲ್ಲಿ ಒಂದು ಕಡೆ ಎಚ್‌ಎಎಲ್. ಇನ್ನೊಂದು ಕಡೆ 1968ರಲ್ಲಿ ಶುರುವಾದ, ಟೂಲ್ ಡಿಸೈನ್ ಕಲಿಸುವ ಕೇಂದ್ರ ಸರ್ಕಾರದ ಸಂಸ್ಥೆ. ಒಂದು ಕಾಲಕ್ಕೆ ದೇಶಕ್ಕೆಲ್ಲ ಔಷಧಿ ಮಾಡಿ ಕಳಿಸಿ ಈಗ ಬಾಗಿಲು ಹಾಕಿಕೊಂಡಿರುವ ಐಡಿಪಿಎಲ್ ಮತ್ತೊಂದು ಕಡೆ. ಉಳಿದ ಗಲ್ಲಿಗಳ ತುಂಬ ಲೇತು, ಮಿಲ್ಲಿಂಗು, ಗ್ರೈಂಡಿಂಗು. ಕಬ್ಬಿಣದ ಚೂರು ಚಪ್ಪಲಿಗೆ ಚುಚ್ಚಿಕೊಳ್ಳದೆ ಇಲ್ಲಿ ಚಹಾ ಕುಡಿದು ಬರುವುದು ಕಷ್ಟ. ಇಂಥ ಜಾಗದಲ್ಲಿ ಕೂತು ಕನ್ನಡದಲ್ಲಿ ಬ್ಲಾಗು ಬರೆಯುತ್ತಿದ್ದೆ ಎಂದರೆ ನನ್ನ ಶೆಡ್ಡಿನವರೇ ನಂಬುತ್ತಿರಲಿಲ್ಲ. ಹಾಗಾಗಿ ಹೇಳುವ ಗೋಜಿಗೂ ಹೋಗಲಿಲ್ಲ.

ಬ್ಲಾಗಿನ ಪ್ರೊಫೈಲಿನಲ್ಲಿ ಊರು ತುಂಬುವ ಒಂದು ಖಾನೆ ಇರುತ್ತಿತ್ತು. ಎಲ್ಲರೂ ಬೆಂಗಳೂರು, ನ್ಯೂಜೆರ್ಸಿ, ಸಿಂಗಪುರ ಎಂದೆಲ್ಲ ತುಂಬಿದರೆ ನಾನು ‘ಬಾಲಾನಗರ’ ಎಂದು ತುಂಬಿದೆ. ಮಹಬೂಬ್‌ನಗರದ ಕಡೆ ಇನ್ನೊಂದು ಬಾಲಾನಗರವಿದೆ, ಸೀತಾಫಲಕ್ಕೆ ಹೆಸರಾದದ್ದು. ತೋಟಗಾರಿಕೆ ಪುಸ್ತಕಗಳಲ್ಲಿ ಆ ಊರಿನ ಹೆಸರಿನದೇ ಒಂದು ತಳಿ ಇದೆ. ಧಾರವಾಡದ ಕೃಷಿ ಪದವೀಧರರೊಬ್ಬರು ನನ್ನ ಮೊದಲ ಕವನದ ಕೆಳಗೆ, ಕವನದ ಬಗ್ಗೆ ಒಂದಕ್ಷರವನ್ನೂ ಬರೆಯದೆ, ‘ನಿಮ್ಮೂರಿನ ಹಣ್ಣು ಈ ಸಲ ಹೇಗಿದೆ?’ ಎಂದು ಕೇಳಿದ್ದರು. ಕವನ ಹೇಗಿತ್ತೆಂದು ಅದರಿಂದಲೇ ಊಹಿಸಿಕೊಳ್ಳಬಹುದು.

ಆಗ ನಮ್ಮ ಗಲ್ಲಿಯ ನೆಟ್ ಸೆಂಟರಿನಲ್ಲಿ ಕನ್ನಡ ಕಾಣಿಸುವುದೇ ಒಂದು ಸಾಹಸ. ವಿಂಡೋಸ್ ಎಕ್ಸ್‌ಪಿ ಕಾಲ. ಕಂಪ್ಯೂಟರು ಕನ್ನಡ ಅಕ್ಷರಗಳ ಬದಲು ಸಾಲಾಗಿ ಚೌಕಗಳನ್ನು ಜೋಡಿಸಿಡುತ್ತಿತ್ತು. ಕಂಟ್ರೋಲ್ ಪ್ಯಾನೆಲ್ ಒಳಗೆ ಹೊಕ್ಕು, ಭಾಷೆಗಳ ಪುಟ ತೆರೆದು, ಸಂಕೀರ್ಣ ಲಿಪಿಗಳಿಗೆಂದು ಇದ್ದ ಒಂದು ಚೌಕದಲ್ಲಿ ಟಿಕ್ ಹಾಕಬೇಕು. ಹಾಕಿದ ಕೂಡಲೇ ಅದು ಎಕ್ಸ್‌ಪಿಯ ಸಿಡಿ ಕೊಡು ಎನ್ನುತ್ತಿತ್ತು. ಸಿಡಿ ಎಂದರೆ ನೆಟ್ ಸೆಂಟರಿನ ಮಾಲೀಕರು ಮಾತು ಬದಲಿಸುತ್ತಿದ್ದರು. ಯಾಕೆಂದು ಕೇಳುವಷ್ಟು ದಡ್ಡ ನಾನಾಗಿರಲಿಲ್ಲ.

ನನ್ನನ್ನು ಕಾಪಾಡಿದವರು ತೆಲುಗರು. ಒಂದು ದಿನ ಮೂಲೆಯ ಕಂಪ್ಯೂಟರಿನಲ್ಲಿ ಕನ್ನಡ ತಾನಾಗಿಯೇ ಕಂಡಿತು. ವಿಚಾರಿಸಿದರೆ, ದಿನವೂ ಸಂಜೆ ಅಲ್ಲಿ ಕೂರುವ ತೆಲುಗು ಬ್ಲಾಗಿಗನೊಬ್ಬ ಮನೆಯಿಂದ ಸಿಡಿ ತಂದು ಟಿಕ್ ಹಾಕಿಸಿದ್ದನಂತೆ. ಆ ಟಿಕ್ಕಿಗೆ ಭಾಷಾಭೇದವಿಲ್ಲ. ತೆಲುಗಿಗೆಂದು ಹಾಕಿದರೆ ಕನ್ನಡವೂ ಬರುತ್ತದೆ, ತಮಿಳೂ ಬರುತ್ತದೆ. ಮೈಕ್ರೋಸಾಫ್ಟಿನವರು ಕನ್ನಡದ ಅಕ್ಷರಕ್ಕೆ ‘ತುಂಗಾ’ ಎಂದೂ ತೆಲುಗಿನದಕ್ಕೆ ‘ಗೌತಮಿ’ ಎಂದೂ ಹೆಸರಿಟ್ಟಿದ್ದರು. ಎರಡೂ ನದಿಗಳೇ. ನೀರಿನ ವಿಷಯದಲ್ಲಿ ನಮ್ಮ ಎರಡು ರಾಜ್ಯಗಳೂ ನ್ಯಾಯಮಂಡಳಿ ಹತ್ತಿದ್ದು ಗೊತ್ತಿದ್ದವರಿಗೆ, ಒಂದೇ ಟಿಕ್ಕಿಗೆ ಎರಡೂ ಹರಿದು ಬಂದದ್ದು ಸೋಜಿಗ ಎನಿಸೀತು.

ತೆಲುಗರ ವ್ಯವಸ್ಥೆ ನಮ್ಮದಕ್ಕಿಂತ ಅಚ್ಚುಕಟ್ಟಾಗಿತ್ತು ಎಂದು ಒಪ್ಪಬೇಕು. ಬರೆಯಲಿಕ್ಕೆ ಅವರಿಗೆ ‘ಲೇಖಿನಿ’ ಇತ್ತು, ಯಾವುದನ್ನೂ ಇಳಿಸಿಕೊಳ್ಳದೆ ಬ್ರೌಸರಿನಲ್ಲೇ ಕುಟ್ಟಬಹುದು. ಎಲ್ಲ ಬ್ಲಾಗುಗಳ ಹೊಸ ಬರಹ ಒಂದೇ ಕಡೆ ಕಾಣಿಸುವ ‘ಕೂಡಲಿ’ ಇತ್ತು. ಭಾನುವಾರಗಳಲ್ಲಿ ಯೂಸುಫ್‌ಗೂಡದ ಕೃಷ್ಣಕಾಂತ್ ಪಾರ್ಕಿನಲ್ಲಿ ಅವರು ಸೇರುತ್ತಿದ್ದರು. ಮೂಲೆಯ ಗೆಳೆಯನ ಹಿಂದೆ ನಾನೂ ಹೋಗಿ ಹುಲ್ಲಿನ ಮೇಲೆ ಕೂತದ್ದುಂಟು. ‘ಕನ್ನಡದವರು’ ಎಂದು ಪರಿಚಯಿಸಿದಾಗ ಎಲ್ಲರೂ ರಾಜಕುಮಾರರ ಹೆಸರು ಹೇಳಿ, ನಾನು ಎನ್‌ಟಿಆರ್ ಹೆಸರು ಹೇಳಿ, ಅಂತರರಾಜ್ಯ ಸಂಬಂಧ ಸುಗಮವಾಯಿತು.

ನಮ್ಮಲ್ಲೂ ತಯಾರಿ ತಡವಾಗಿಯೇನೂ ಶುರುವಾಗಿರಲಿಲ್ಲ. ಯು. ಬಿ. ಪವನಜರ ‘ವಿಶ್ವಕನ್ನಡ’ 1996ರಲ್ಲೇ ಜಾಲಕ್ಕೆ ಬಂದಿತ್ತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಆಮೇಲೆ ಹರಿಪ್ರಸಾದ್ ನಾಡಿಗರ ‘ಸಂಪದ’, ಅಬ್ದುಲ್ ರಶೀದರ ‘ಕೆಂಡಸಂಪಿಗೆ’, ಬ್ಲಾಗಾಗಿಯೇ ಹುಟ್ಟಿ ಬೆಳೆದ ಜಿ. ಎನ್. ಮೋಹನರ ‘ಅವಧಿ’. 2008ರ ಮಾರ್ಚಿನಲ್ಲಿ ಬಸವನಗುಡಿಯಲ್ಲಿ ‘ಪ್ರಣತಿ’ ತಂಡದವರು ಬ್ಲಾಗಿಗರನ್ನೆಲ್ಲ ಒಂದೆಡೆ ಸೇರಿಸಿದರು. ನನಗೆ ಅಂದು ಓವರ್‌ಟೈಮು. ಹೋದವರ ಬ್ಲಾಗುಗಳಲ್ಲಿ ವಾರಗಟ್ಟಲೆ ಅದರದೇ ವರದಿ. ಯಾರು ಫೋಟೋದಲ್ಲಿದ್ದಂತೆ ಇದ್ದರು, ಯಾರು ಇರಲಿಲ್ಲ ಎಂಬುದೇ ಮುಖ್ಯ ಚರ್ಚೆಯಾಗಿತ್ತು.

‘ಬರಹ’ದಲ್ಲಿ ಇಂಗ್ಲಿಷ್ ಕೀಲಿಗಳಲ್ಲೇ ಕನ್ನಡ ಕುಟ್ಟಬೇಕು. ಟ, ಡ, ಣ, ಳ ಬೇಕೆಂದರೆ ಶಿಫ್ಟ್ ಒತ್ತಬೇಕು. ದಿನವಿಡೀ ಲೇತಿನ ಹಿಡಿಕೆ ತಿರುಗಿಸಿ ಬಂದ ಕೈಗೆ ಕಿರುಬೆರಳಿನ ಆ ಕೆಲಸವೇ ದೊಡ್ಡ ಶಿಕ್ಷೆ. ಶಿಫ್ಟ್ ತಪ್ಪಿದರೆ ‘ಕಳ್ಳ’ ಹೋಗಿ ‘ಕಲ್ಲ’ ಆಗುತ್ತಿದ್ದ, ‘ಬೆಳ್ಳಿ’ ‘ಬೆಲ್ಲಿ’ಯಾಗುತ್ತಿತ್ತು. ಹೀಗೆ ಕೃಷ್ಣನ ಮೇಲೆ ಬರೆದ ಲಹರಿಯೊಂದರಲ್ಲಿ ಶುರುವಿನಿಂದ ಕೊನೆಯವರೆಗೆ ‘ಬೆಣ್ಣೆ ಕಲ್ಲ’ನನ್ನೇ ಆಡಿಸಿದ್ದ ಗೆಳೆಯನೊಬ್ಬನಿದ್ದ. ಶಿವಮೊಗ್ಗದವನು, ಪುಣೆಯಲ್ಲಿ ಕೆಲಸ. ಕಮೆಂಟಿನಲ್ಲಿ ನಾನದನ್ನು ತೋರಿಸಿದೆ. ಅವನು, ‘ಸಾರ್, ಅವನ ಹೃದಯ ಕಲ್ಲು ಅನ್ನೋ ಧ್ವನಿ ಇದೆ’ ಎಂದು ಉತ್ತರಿಸಿ ತಿದ್ದದೆ ಬಿಟ್ಟ. ಕನ್ನಡ ವಿಮರ್ಶೆಗೆ ಬ್ಲಾಗುಗಳ ಕೊಡುಗೆ ಏನು ಎಂದು ಕೇಳುವವರು ಇದನ್ನು ಗಮನಿಸಬೇಕು.

ಈಗ ಮುಯ್ಯಿಯ ವಿಷಯ. ನಮ್ಮ ರಾಯಚೂರು ಕಡೆ ಮದುವೆಮನೆಯಲ್ಲಿ ಬಾಗಿಲ ಹತ್ತಿರ ಒಬ್ಬರು ನೋಟುಬುಕ್ಕು ಹಿಡಿದು ಕೂರುತ್ತಾರೆ. ಇಂಥವರು ಇಷ್ಟು ರೂಪಾಯಿ, ಇಂಥವರು ಒಂದು ಕೊಡ, ಇಂಥವರು ಒಂದು ಖಣ. ಮುಂದೆ ಅವರ ಮನೆಯ ಮದುವೆಗೆ ಹೋಗುವ ಮುಂಚೆ ಆ ಪುಸ್ತಕ ತೆಗೆದು ನೋಡಲೇಬೇಕು. ಕಮ್ಮಿ ಮಾಡಿದರೆ ಮಾತು, ಜಾಸ್ತಿ ಮಾಡಿದರೆ ಅವರಿಗೆ ಹೊರೆ. ಬ್ಲಾಗಿನ ಕಮೆಂಟೂ ಥೇಟ್ ಹೀಗೆಯೇ ನಡೆಯುತ್ತಿತ್ತು. ನೀವು ನನ್ನ ಲೇಖನಕ್ಕೆ ಎರಡು ಸಾಲು ಹಾಕಿದಿರಿ, ನಾನು ನಿಮ್ಮ ಕವನಕ್ಕೆ ಎರಡು ಸಾಲು ಹಾಕಬೇಕು. ಮರೆತರೆ ಮುಂದಿನ ವಾರ ನಿಮ್ಮ ಕಮೆಂಟು ಒಂದೇ ಪದಕ್ಕೆ ಇಳಿಯುತ್ತದೆ: ‘ಚೆನ್ನಾಗಿದೆ.’ ಮತ್ತೂ ಮರೆತರೆ ಬರೀ ನಗುವ ಮುಖ. ಆಮೇಲೆ ಅದೂ ಇಲ್ಲ. ಕೆಲವರು ಸಂಕೋಚವಿಲ್ಲದ ಸಾಲಿಗರು. ‘ಸುಂದರ ಬರಹ. ನನ್ನ ಬ್ಲಾಗಿಗೂ ಒಮ್ಮೆ ಭೇಟಿ ಕೊಡಿ’ ಎಂದು ತಾಯಿಯ ಸಾವಿನ ಬಗ್ಗೆ ಬರೆದದ್ದಕ್ಕೂ ಹಾಕಿ ಹೋಗುತ್ತಿದ್ದರು.

ಪತ್ರಿಕೆಗಳಲ್ಲಿ ಬರೆಯುತ್ತಿದ್ದ ಹಿರಿಯರು ಇದನ್ನು ನೋಡಿ ನಗುತ್ತಿದ್ದರು. ಬೆನ್ನು ತುರಿಸಿಕೊಳ್ಳುವ ಸಂಘ ಎನ್ನುತ್ತಿದ್ದರು. ನನಗೆ ಹಾಗೆನ್ನಿಸುವುದಿಲ್ಲ. ಮುಯ್ಯಿ ತೀರಿಸಬೇಕೆಂದರೆ ಓದಲೇಬೇಕಿತ್ತು, ಅದೇ ಅದರ ಗುಟ್ಟು. ಓದದೆ ‘ಎರಡನೇ ಪ್ಯಾರಾದ ಅಜ್ಜಿ ಇಷ್ಟವಾದಳು’ ಎಂದು ಬರೆಯಲು ಬರುವುದಿಲ್ಲ. ಬರೆದವರು ಸಿಕ್ಕಿಬಿದ್ದ ಉದಾಹರಣೆಗಳಿವೆ, ಆ ಅಜ್ಜಿ ಮೂರನೇ ಪ್ಯಾರಾದಲ್ಲಿ ತಾತನಾಗಿದ್ದಳು. ನನ್ನಂಥವನು ಸಾಲಕ್ಕೆ ಹೆದರಿಯೇ ಕುಂದಾಪುರದ ಮೀನುಪೇಟೆಯ ಬಗ್ಗೆ, ಕೊಡಗಿನ ಮಳೆಯ ಬಗ್ಗೆ, ಟೆಕ್ಸಾಸಿನಲ್ಲಿ ಹೋಳಿಗೆಗೆ ಕಣಕ ಹದ ಬರದ ಸಂಕಟದ ಬಗ್ಗೆ ಓದಿದೆ. ಯಾವ ಪತ್ರಿಕೆಯೂ ಅಚ್ಚು ಹಾಕದ ಬರಹಗಳು. ಬರೆದವರಲ್ಲಿ ಒಬ್ಬಾಕೆ ಅಡುಗೆಮನೆಯ ಹೊರಗೆ ಯಾರೊಡನೆಯೂ ಮಾತಾಡದವಳು, ಇನ್ನೊಬ್ಬ ರಾತ್ರಿ ಪಾಳಿಯ ಕಾಲ್ ಸೆಂಟರಿನವನು. ಎರಡು ಸಾಲಿನ ಮುಯ್ಯಿ ಬರುತ್ತದೆಂಬ ಧೈರ್ಯದಲ್ಲಿ ಅವರು ಬರೆದರು. ನಾನೂ ಅಷ್ಟೇ. ಕನ್ನಡದ ಒಂದು ಬೋರ್ಡೂ ಕಾಣದ ಗಲ್ಲಿಯಲ್ಲಿ, ದಿನವಿಡೀ ತೆಲುಗು ಮತ್ತು ದಖನಿ ಮಾತಾಡಿ, ರಾತ್ರಿ ಹೊತ್ತು ಕನ್ನಡದಲ್ಲಿ ಯಾರಾದರೂ ಏನಾದರೂ ಅಂದಿದ್ದಾರಾ ಎಂದು ನೋಡಲು ನೆಟ್ ಸೆಂಟರಿಗೆ ಕಾಸು ಕೊಡುತ್ತಿದ್ದೆ.

ಇದು ಹೊಸ ಚಾಳಿಯೂ ಅಲ್ಲ. ರಾಯಚೂರು, ಬೀದರ, ಕಲಬುರಗಿಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವಲ್ಲ, ಓದಲಿಕ್ಕೆ, ನೌಕರಿಗೆ ಇಲ್ಲಿಗೆ ಬಂದ ನಮ್ಮ ಹಿರಿಯರು ಉರ್ದುವಿನ ನಡುವೆ ಕನ್ನಡ ಕಟ್ಟಿಕೊಂಡರು. ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರ ಇಂದಿಗೂ ಇದೆ, ನೃಪತುಂಗನ ಹೆಸರಿನ ಶಾಲೆಯೂ ಇದೆ. ನಮ್ಮ ಹಾಸ್ಟೆಲುಗಳಲ್ಲಿ ಕೈಬರಹದ ಪತ್ರಿಕೆ ಹೊರಡಿಸುವ ರೂಢಿ ಇತ್ತು. ಒಂದೇ ಪ್ರತಿ, ಕೋಣೆಯಿಂದ ಕೋಣೆಗೆ ಹೋಗುತ್ತದೆ, ಕೊನೆಯಲ್ಲಿ ನಾಲ್ಕಾರು ಖಾಲಿ ಹಾಳೆ, ಓದಿದವರ ಅಭಿಪ್ರಾಯಕ್ಕೆ. ಬರೆದವನು ಪತ್ರಿಕೆ ತಿರುಗಿ ಕೈಗೆ ಬಂದ ತಕ್ಷಣ ತೆಗೆಯುತ್ತಿದ್ದದ್ದು ತನ್ನ ಲೇಖನವನ್ನಲ್ಲ, ಆ ಖಾಲಿ ಹಾಳೆಗಳನ್ನು. ನಮ್ಮ ಸೋದರಮಾವನೊಬ್ಬರ ಕತೆಗೆ ಅಲ್ಲಿ ಯಾರೋ ‘ಅಕ್ಷರ ದುಂಡಗಿದೆ’ ಎಂದಷ್ಟೇ ಬರೆದಿದ್ದರಂತೆ. ಅವರು ಆಮೇಲೆ ಕತೆ ಬರೆಯಲಿಲ್ಲ, ಕಂದಾಯ ಇಲಾಖೆ ಸೇರಿದರು.

ಜಗಳಗಳನ್ನು ಬಿಟ್ಟರೆ ಚಿತ್ರ ಪೂರ್ತಿಯಾಗದು. ಮಹಾಪ್ರಾಣ ಬೇಕೇ ಬೇಡವೇ ಎಂಬುದು ಆಗಿನ ಮಹಾಯುದ್ಧ. ಡಿ. ಎನ್. ಶಂಕರಭಟ್ಟರ ವಾದ ಹಿಡಿದವರು ಒಂದು ಕಡೆ, ಹೌಹಾರಿದವರು ಇನ್ನೊಂದು ಕಡೆ, ಕಮೆಂಟುಗಳು ನೂರು ದಾಟುತ್ತಿದ್ದವು. ಖರೆ, ಭಾಳ, ಛಲೋ ಎನ್ನದೆ ಮಾತು ಮುಗಿಯದ ಊರಿನವನು ನಾನು, ಹೊಟ್ಟೆಯಿಂದ ಬರುವ ಉಸಿರನ್ನು ಎಲ್ಲಿ ಬಿಡಲಿ ಎಂದು ಕೇಳಿದೆ. ಎರಡೂ ಬಣದವರು ನನ್ನನ್ನು ಎದುರಾಳಿ ಎಂದುಕೊಂಡರು. ಇದಕ್ಕೆಲ್ಲ ತುಪ್ಪ ಸುರಿಯಲು ‘ಅನಾಮಿಕ’ ಇದ್ದೇ ಇದ್ದ. ಹೆಸರಿಲ್ಲದೆ ಬಂದು ಬೈದು ಹೋಗುವವನು. ಅನಾಮಿಕನ ಕಾಗುಣಿತ ಉಳಿದೆಲ್ಲರದಕ್ಕಿಂತ ಶುದ್ಧವಾಗಿರುತ್ತಿದ್ದುದರಿಂದ ಅವನು ಮೇಷ್ಟ್ರೇ ಇರಬೇಕೆಂದು ನನ್ನ ಗುಮಾನಿ.

ಯಾರು ಎಲ್ಲಿಂದ ಬಂದು ಓದಿದರೆಂದು ತೋರಿಸುವ ಪುಟ್ಟ ಪೆಟ್ಟಿಗೆಯೊಂದನ್ನು ಎಲ್ಲರೂ ಬ್ಲಾಗಿನ ಪಕ್ಕದಲ್ಲಿ ನೇತುಹಾಕಿಕೊಂಡಿದ್ದೆವು. ಬಾವುಟದ ಸಮೇತ. ನನಗೆ ಕ್ಯಾಲಿಫೋರ್ನಿಯಾದ ಮೌಂಟೇನ್ ವ್ಯೂನಲ್ಲಿ ಒಬ್ಬ ನಿಷ್ಠಾವಂತ ಓದುಗನಿದ್ದ. ಹಬ್ಬವಿರಲಿ, ಹುಣ್ಣಿಮೆ ಇರಲಿ, ಬರುತ್ತಿದ್ದ, ಹಳೆಯದನ್ನೂ ಬಿಡದೆ ಓದುತ್ತಿದ್ದ, ಕಮೆಂಟು ಮಾತ್ರ ಹಾಕುತ್ತಿರಲಿಲ್ಲ. ಸಂಕೋಚದ ಕನ್ನಡ ಹುಡುಗ, ಅಮೆರಿಕಕ್ಕೆ ಹೋಗಿ ಊರಿನ ನೆನಪಲ್ಲಿ ಕೊರಗುತ್ತಿರಬೇಕು ಎಂದುಕೊಂಡಿದ್ದೆ. ವಿಚಾರಿಸಿದರೆ ಅವನು ಎಲ್ಲ ಕನ್ನಡ ಬ್ಲಾಗಿಗರಿಗೂ ಅಷ್ಟೇ ನಿಷ್ಠನಾಗಿದ್ದ. ಮೌಂಟೇನ್ ವ್ಯೂ ಎಂದರೆ ಗೂಗಲಿನ ಊರು. ಬಂದು ಹೋಗುತ್ತಿದ್ದದ್ದು ಅವರ ಯಂತ್ರ. ಇನ್ನೊಂದು ತಮಾಷೆ. ನಮ್ಮ ಬಾಲಾನಗರದಲ್ಲೇ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಇದೆ. ಉಪಗ್ರಹದ ಕಣ್ಣಿನಿಂದ ದೇಶದ ಮೂಲೆ ಮೂಲೆಯನ್ನು ತೋರಿಸುವ ‘ಭುವನ್’ 2009ರಲ್ಲಿ ಶುರುವಾದದ್ದು ಇವರ ಕೈಯಲ್ಲೇ. ಅದರ ಕಾಂಪೌಂಡಿಗೆ ಕೂಗಳತೆಯಲ್ಲಿ ಕೂತು ನಾನು ನನ್ನದೇ ಬ್ಲಾಗು ತೆರೆದರೆ, ಆ ಪುಕ್ಕಟೆ ಪೆಟ್ಟಿಗೆ ‘ಚೆನ್ನೈನಿಂದ ಒಬ್ಬರು ಬಂದಿದ್ದಾರೆ’ ಎಂದು ಸಾರುತ್ತಿತ್ತು.

ಹೇಗೆ ಮುಗಿಯಿತು ಎನ್ನುವುದು ಎಲ್ಲರಿಗೂ ಗೊತ್ತಿರುವ ಕತೆ. 2013ರ ಜುಲೈನಲ್ಲಿ ಗೂಗಲ್ ರೀಡರ್ ಮುಚ್ಚಿತು, ಮರುವರ್ಷ ಆರ್ಕುಟ್ ಹೋಯಿತು, ಅಷ್ಟರಲ್ಲಿ ಎಲ್ಲರೂ ಫೇಸ್‌ಬುಕ್ಕಿನಲ್ಲಿದ್ದರು. ಅಲ್ಲಿ ಹೆಬ್ಬೆರಳು ಒತ್ತಿದರೆ ಮುಯ್ಯಿ ಸಂದಾಯ. ಓದಬೇಕಾದ ಕಟ್ಟುಪಾಡಿಲ್ಲ. ಯಾವುದೇ ಹಳೆಯ ಬ್ಲಾಗಿಗೆ ಹೋಗಿ ನೋಡಿ, ಕೊನೆಯ ಬರಹ ಬಹುಪಾಲು ಒಂದೇ ಥರ ಇರುತ್ತದೆ: ‘ಬಹಳ ದಿನಗಳಿಂದ ಬರೆಯಲಾಗಿರಲಿಲ್ಲ, ಕ್ಷಮಿಸಿ. ಇನ್ನು ಮುಂದೆ ತಪ್ಪದೆ ಬರೆಯುತ್ತೇನೆ.’ ತಾರೀಖು 2012. ಅದರ ಕೆಳಗೆ ಸುಲಭ ಸಾಲ ಕೊಡುವವರ, ಜ್ಯೋತಿಷಿಗಳ ಕಮೆಂಟುಗಳು. ಅವರಿಗೆ ಮುಯ್ಯಿಯ ನಿರೀಕ್ಷೆಯೂ ಇಲ್ಲ. ನಮ್ಮ ನೆಟ್ ಸೆಂಟರು ಮೊದಲು ಜೆರಾಕ್ಸ್ ಅಂಗಡಿಯಾಯಿತು, ಈಗ ಮೊಬೈಲ್ ರಿಪೇರಿ. ಅಂಬೇಡ್ಕರ್ ಹೆಸರಿನ ಮೆಟ್ರೋ ನಿಲ್ದಾಣ ಬಂತು, 2021ರಲ್ಲಿ ಫ್ಲೈಓವರೂ ಬಂತು. ಮೂಲೆಯ ತೆಲುಗು ಗೆಳೆಯ ಈಗ ಯೂಟ್ಯೂಬಿನಲ್ಲಿ ಆವಕಾಯಿ ಹಾಕುವುದನ್ನು ತೋರಿಸುತ್ತಾನೆ. ನೋಡುವವರು ಲಕ್ಷಗಟ್ಟಲೆ. ಭಾನುವಾರದ ಪಾರ್ಕಿನ ಬಗ್ಗೆ ಕೇಳಿದರೆ ನಕ್ಕು ಸುಮ್ಮನಾಗುತ್ತಾನೆ.

ಮೊನ್ನೆ ನಮ್ಮ ಹೈದರಾಬಾದ್ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಯಾರೋ ಒಂದು ಉದ್ದದ ಫಾರ್ವರ್ಡ್ ಹಾಕಿದರು. ಕೃಷ್ಣನ ಮೇಲಿನ ಲಹರಿ. ಕೆಳಗೆ ನಾಡಿನ ಹೆಸರಾಂತ ಕವಿಯೊಬ್ಬರ ಹೆಸರು, ಅದರ ಕೆಳಗೆ ‘ಓದಿ, ಹಂಚಿ, ಕನ್ನಡ ಉಳಿಸಿ’. ಒಂದೆರಡು ಸಾಲಿಗೇ ನನಗೆ ಅನುಮಾನ. ನಾಲ್ಕನೇ ಸಾಲಿಗೆ ಬೆಣ್ಣೆ ಕಲ್ಲ ಬಂದ. ಹತ್ತಾರು ವರ್ಷ ಅಂಗೈಯಿಂದ ಅಂಗೈಗೆ ಸುತ್ತಿ, ಕವಿಗಳ ಮನೆ ಹೊಕ್ಕು ಬಂದರೂ ಅವನು ‘ಳ’ ಆಗಿರಲಿಲ್ಲ. ಗುಂಪಿನವರು ಕೈಮುಗಿದ ಚಿತ್ರಗಳನ್ನು ಸಾಲಾಗಿ ಹಾಕಿದ್ದರು. ಒಬ್ಬರು, ‘ಕಲ್ಲು ಎನ್ನುವ ರೂಪಕ ಅದ್ಭುತ’ ಎಂದೂ ಬರೆದಿದ್ದರು.

ಶಿವಮೊಗ್ಗದ ಗೆಳೆಯನ ನಂಬರು ನನ್ನ ಹತ್ತಿರ ಇಲ್ಲ. ಅವನು ನನ್ನ ಬರಹಗಳಿಗೆ ಹಾಕಿದ ಕಮೆಂಟುಗಳಿಗೆ ಲೆಕ್ಕವಿಲ್ಲ, ನನ್ನ ಕಡೆಯಿಂದ ಬಾಕಿ ಸಾಕಷ್ಟಿರಬೇಕು. ಅಲ್ಲೇ ಕೂತು ಹಳೆಯ ಪದ್ಧತಿಯಂತೆ ಕುಟ್ಟಿದೆ. ಇದು ಯಾರದು, ಯಾವಾಗ ಬರೆದದ್ದು, ಯಾವ ಸಾಲು ಚೆನ್ನಾಗಿದೆ, ಗೋಪಿಯರು ಮಡಕೆ ಎತ್ತಿಡುವ ಜಾಗದಲ್ಲಿ ಗದ್ಯ ಯಾಕೆ ಹಗುರಾಗುತ್ತದೆ, ಎಲ್ಲವನ್ನೂ ವಿವರವಾಗಿ. ಕಳಿಸಿದ ಅರ್ಧ ನಿಮಿಷಕ್ಕೆ ಅಡ್ಮಿನ್ ಉತ್ತರ ಬಂತು: ‘ದಯವಿಟ್ಟು ಗ್ರೂಪಿನಲ್ಲಿ ಉದ್ದುದ್ದ ಮೆಸೇಜು ಹಾಕಬೇಡಿ ಸಾರ್, ಯಾರೂ ಓದಲ್ಲ.’