ಲಾರಿ ಹಾಕಿದ ಮೂರು ನಾಮ

ಕೆಟ್ಟು ನಿಂತ ಲಾರಿಗೆ ಸಿಗುವಷ್ಟು ಸಲಹೆಗಾರರು ಮುಖ್ಯಮಂತ್ರಿಗಳಿಗೂ ಸಿಗಲಿಕ್ಕಿಲ್ಲ. ಮುಂದಿನ ಮುಚ್ಚಳ ಎತ್ತಿ, ಸೊಂಟದ ಮೇಲೆ ಕೈಯಿಟ್ಟು, ಒಳಗೆ ಇಣುಕಿ ನಿಂತರಾಯಿತು. ಚಹಾದಂಗಡಿಯವ ಗ್ಲಾಸು ತೊಳೆಯುವುದನ್ನು ಬಿಟ್ಟು ಬರುತ್ತಾನೆ. ಪಕ್ಕದ ಗಾಡಿಯ ಕ್ಲೀನರ್ ಹಲ್ಲುಜ್ಜುತ್ತಲೇ ಬರುತ್ತಾನೆ. ಬೈಕಿನಲ್ಲಿ ಹೋಗುತ್ತಿದ್ದವರು ಕಾಲೂರಿ ನಿಂತು ‘ಏನಾಗೇತಿ?’ ಎಂದು ಕೇಳಿ, ನಾವು ಬಾಯಿ ತೆರೆಯುವುದರೊಳಗೆ ಏನಾಗಿದೆ ಎಂಬುದನ್ನು ತಾವೇ ಹೇಳಿ ಹೊರಟುಹೋಗುತ್ತಾರೆ. ಮೊದಲು ಈ ತಜ್ಞರ ಅಭಿಪ್ರಾಯಗಳಲ್ಲಿ ಒಂದಿಷ್ಟು ವೈವಿಧ್ಯವಾದರೂ ಇತ್ತು. ಒಬ್ಬ ಪಂಪು ಎಂದರೆ ಇನ್ನೊಬ್ಬ ನಾಝಲ್ ಎನ್ನುತ್ತಿದ್ದ. ಮೂರನೆಯವ ಹೆಡ್ ಗ್ಯಾಸ್ಕೆಟ್ಟೇ ಹೋಗಿದೆ ಎಂದು ಮಾಲೀಕನ ಹೊಟ್ಟೆಗೆ ಬೆಂಕಿ ಹಾಕುತ್ತಿದ್ದ. ಈಗ ಎಲ್ಲರದೂ ಒಂದೇ ಮಾತು: ‘ಸೆನ್ಸರ್’. ಕಾರಣ ತಿಳಿಯದ ಜ್ವರಕ್ಕೆಲ್ಲ ಹಿಂದೆ ಊರಲ್ಲಿ ದೃಷ್ಟಿ ತಾಗಿದೆ ಎನ್ನುತ್ತಿದ್ದರಲ್ಲ, ಹಾಗೆ. ದೃಷ್ಟಿಗಾದರೆ ಒಣಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಬಹುದಿತ್ತು. ಸೆನ್ಸರಿಗೆ ಲ್ಯಾಪ್‌ಟಾಪೇ ಬರಬೇಕು.

ನನ್ನ ಸೋದರಮಾವ ಲಾರಿ ಡ್ರೈವರ್ ಆಗಿಯೇ ತಲೆ ನರೆಸಿಕೊಂಡವರು. ಟಾಟಾದವರ ಜೊತೆ ಬೆಂಜ್ ಕಂಪನಿಯ ನಂಟು 1954ರಲ್ಲಿ ಕೂಡಿ 1969ಕ್ಕೇ ಮುಗಿದಿದ್ದರೂ, ಮಾವನ ಬಾಯಲ್ಲಿ ಟಾಟಾ ಲಾರಿ ಇವತ್ತಿಗೂ ‘ಟಾಟಾ ಬೆಂಜೇ’. ಆರು ಚಕ್ರದ 1210ರಿಂದ ಶುರುಮಾಡಿ ಕೊನೆಕೊನೆಗೆ ಗಾಳಿ ಬ್ರೇಕಿನ ಹತ್ತು ಚಕ್ರದ ಗಾಡಿಯವರೆಗೆ ಓಡಿಸಿದ್ದರು. ಟ್ರೈಲರ್ ಮಾತ್ರ ಮುಟ್ಟಿರಲಿಲ್ಲ. ಅದನ್ನು ಮುಟ್ಟಿಸಿದ್ದು ಅವರ ಮಗ. ಸಾಲ ಮಾಡಿ ಆತ ತಂದ ಗಾಡಿ 22 ಚಕ್ರದ್ದು: ಎಳೆಯುವ ಮುಂದಿನ ಗಾಡಿಗೆ ಹತ್ತು, ಹಿಂದಿನ ಟ್ರೈಲರಿಗೆ ಹನ್ನೆರಡು. 2018ರ ನಿಯಮದ ಪ್ರಕಾರ ಇಂಥದ್ದು ಒಟ್ಟು 55 ಟನ್ ತೂಗಬಹುದು. ತೋರಣಗಲ್ಲಿನಿಂದ ಮಂಗಳೂರಿಗೆ ಉಕ್ಕಿನ ಕಾಯಿಲ್ ಹೇರಿಕೊಂಡು ಹೊರಟಿದ್ದ ಅದರ ಡ್ರೈವರ್, ಹುಬ್ಬಳ್ಳಿಯ ಗಬ್ಬೂರು ಬೈಪಾಸಿನಲ್ಲಿ ಗಾಡಿ ನಿಲ್ಲಿಸಿ, ಚಹಾದಂಗಡಿಯಲ್ಲಿ ಕೀಲಿ ಕೊಟ್ಟು, ತಂಗಿಯ ಮದುವೆಗೆ ನಡೆದುಬಿಟ್ಟ. ಮಾವನ ಲೈಸೆನ್ಸಿಗೆ ಇನ್ನೂ ಜೀವ ಇತ್ತು. ನನಗೆ ರಜೆ ಇತ್ತು. ಕ್ಲೀನರ್ ಎಂದು ಸಂಬಳವಿಲ್ಲದೆ ನೇಮಕವಾಯಿತು.

‘ನಾಕ್ ಚಕ್ರದ ಮ್ಯಾಲೆ ಏನ್ ನಿಂತರೂ ಓಡಸ್ತೀನಿ ಅಳಿಯಾ’ ಎಂದು ಮಾವ ಕೀಲಿ ತಿರುಗಿಸಿದರು. ಲಾರಿ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಒಂದು ದೀಪ ಇಲ್ಲ, ಒಂದು ಟಿಕ್ ಸದ್ದಿಲ್ಲ. ಮೇಲೆ ಹೇಳಿದ ಸಲಹಾ ಸಮಿತಿ ಕ್ಷಣದಲ್ಲಿ ನೆರೆಯಿತು. ಸೆಲ್ಫ್ ಸುಟ್ಟಿದೆ, ಫ್ಯೂಸ್ ಹೋಗಿದೆ, ಇಲಿ ವೈರು ಕಡಿದಿದೆ, ಮತ್ತು ಬಹುಮತದಿಂದ, ಸೆನ್ಸರ್. ಡ್ರೈವರಿಗೆ ಫೋನ್ ಮಾಡಿದರೆ ಅತ್ತ ಕಡೆಯಿಂದ ಓಲಗದ ಸದ್ದು ಬಂತೇ ವಿನಾ ಮನುಷ್ಯರ ಮಾತು ಬರಲಿಲ್ಲ. ಮಾವ ಯಾರಿಗೂ ಉತ್ತರ ಕೊಡದೆ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬ್ಯಾಟರಿ ಪೆಟ್ಟಿಗೆಯ ಪಕ್ಕ ಬಗ್ಗಿ ಏನನ್ನೋ ಕಟಕ್ ಎಂದು ತಿರುಗಿಸಿ ಬಂದರು. ಡ್ಯಾಶ್‌ಬೋರ್ಡಿನಲ್ಲಿ ದೀಪಾವಳಿ. ಎರಡು ಬ್ಯಾಟರಿ ಸೇರಿಸಿ 24 ವೋಲ್ಟ್ ಮಾಡಿರುವ ಈ ಗಾಡಿಗಳಿಗೆ ಕರೆಂಟನ್ನು ಪೂರ್ತಿ ಕಡಿಯುವ ಒಂದು ಸ್ವಿಚ್ ಇರುತ್ತದೆ. ದಿನಗಟ್ಟಲೆ ನಿಲ್ಲಿಸುವಾಗ ಬ್ಯಾಟರಿ ಇಳಿಯದಿರಲಿ ಎಂದು ಆ ಮದುಮಗಳ ಅಣ್ಣ ಅದನ್ನು ಆರಿಸಿ ಹೋಗಿದ್ದ. ಒಳ್ಳೆಯ ಕೆಲಸವನ್ನೇ ಮಾಡಿದ್ದ. ಹೇಳಿ ಹೋಗಿದ್ದರೆ ಇನ್ನೂ ಒಳ್ಳೆಯದಿತ್ತು.

ಎಂಜಿನ್ ಹೊತ್ತಿತು. ಗಾಡಿ ಅಲ್ಲಾಡಲಿಲ್ಲ. ಎಲ್ಲೋ ಒಂದು ಬಝರ್ ಕುಯ್ಯೋ ಎನ್ನತೊಡಗಿತು.

ಲಾರಿಯ ಬ್ರೇಕಿನ ಸಂಗತಿ ನಮ್ಮಂಥ ಸ್ಕೂಟರಿನವರಿಗೆ ತಲೆಕೆಳಗಾಗಿ ಕಾಣುತ್ತದೆ. ನಿಂತ ಗಾಡಿಯ ಚಕ್ರವನ್ನು ಹಿಡಿದಿಟ್ಟಿರುವುದು ಗಾಳಿಯಲ್ಲ, ದಪ್ಪನೆಯ ಸ್ಪ್ರಿಂಗು. ಆ ಸ್ಪ್ರಿಂಗನ್ನು ಒತ್ತಿ ಹಿಡಿದು ಚಕ್ರಕ್ಕೆ ಬಿಡುಗಡೆ ಕೊಡುವುದು ಗಾಳಿಯ ಕೆಲಸ. ಟ್ಯಾಂಕಿನಲ್ಲಿ ಗಾಳಿ ಇಲ್ಲದಿದ್ದರೆ ಆನೆ ಕಟ್ಟಿ ಎಳೆದರೂ ಗಾಡಿ ಬರುವುದಿಲ್ಲ. ಗಾಳಿ ಸೋರಿಹೋದರೆ ಬ್ರೇಕ್ ತಾನಾಗಿಯೇ ಬೀಳಬೇಕು ಎಂಬ ಈ ಉಪಾಯವನ್ನು ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1872ರಲ್ಲಿ ರೈಲುಗಾಡಿಗೆಂದು ಹೂಡಿದ. ಡಬ್ಬಿ ಕಳಚಿಕೊಂಡರೆ ತನ್ನಷ್ಟಕ್ಕೆ ನಿಲ್ಲಲಿ ಎಂದು. ಟ್ರೈಲರಿಗೂ ಅದೇ ನ್ಯಾಯ. ಹಾಗಾಗಿ ಬಝರ್ ಕೂಗುವುದು ರೋಗವಲ್ಲ, ‘ಹೊಟ್ಟೆ ತುಂಬಲಿ, ತಡಿ’ ಎಂಬ ಮಾತು.

ತಡೆದೆವು. ಒಂದು ಚಹಾ ಆಯಿತು. ಗಾಳಿಯ ಒತ್ತಡ ತೋರಿಸುವ ಮುಳ್ಳು ಐದರ ಹತ್ತಿರ ಬಂದು ಅಲ್ಲೇ ಮುಷ್ಕರ ಹೂಡಿತು. ಮಾವ ಎಂಜಿನ್ ಆರಿಸಿ ಕೆಳಗಿಳಿದು, ‘ಎಲ್ಲಾರೂ ಬಾಯಿ ಮುಚ್ರಿ’ ಎಂದರು. ಸಲಹಾ ಸಮಿತಿಗೆ ಇದು ಅನಿರೀಕ್ಷಿತ. ಚಹಾದಂಗಡಿಯ ರೇಡಿಯೋ ಸಹ ಬಂದಾಯಿತು. ಮಾವ ಕಿವಿ ಮುಂದುಮಾಡಿಕೊಂಡು, ಗಾಡಿಯ ಉದ್ದಕ್ಕೂ ಹೆಜ್ಜೆ ಹೆಜ್ಜೆ ಇಟ್ಟು ಬಂದು, ಮುಂದಿನ ಗಾಡಿಗೂ ಟ್ರೈಲರಿಗೂ ನಡುವಿನ ಕಂಡಿಯಲ್ಲಿ ನಿಂತರು. ಅಲ್ಲಿ ಎರಡು ಸುರುಳಿ ಪೈಪುಗಳು ತೂಗಾಡುತ್ತಿರುತ್ತವೆ. ಕೆಂಪು ಪೈಪಿನಲ್ಲಿ ಟ್ರೈಲರಿಗೆ ಸದಾ ಗಾಳಿ ಹೋಗುತ್ತಿರುತ್ತದೆ, ಹಳದಿಯದರಲ್ಲಿ ಬ್ರೇಕ್ ತುಳಿದಾಗ ಮಾತ್ರ. ಗ್ಲಾಸು ತೊಳೆಯುವ ಬಕೆಟ್ಟಿನ ಸೋಪಿನ ನೀರನ್ನು ತರಿಸಿ, ಕೆಂಪು ಪೈಪಿನ ಜೋಡಣೆಯ ಮೇಲೆ ಬೊಗಸೆಯಿಂದ ಬಿಟ್ಟರು. ಒಂದು ಕ್ಷಣ ಏನಿಲ್ಲ. ಆಮೇಲೆ ಅಂಚಿನಿಂದ ಒಂದು ಗುಳ್ಳೆ ಮೆಲ್ಲಗೆ ಊದಿಕೊಂಡು, ಬಿಸಿಲಲ್ಲಿ ಬಣ್ಣ ಬಣ್ಣವಾಗಿ, ಪಟ್ ಎಂದಿತು. ಅದರ ಬೆನ್ನಿಗೇ ಇನ್ನೊಂದು, ಮತ್ತೊಂದು. ಬಿಚ್ಚಿ ನೋಡಿದರೆ ರಬ್ಬರ್ ವಾಷರಿಗೂ ಲೋಹಕ್ಕೂ ನಡುವೆ ಜೋಳದ ಕಾಳಿನಷ್ಟು ಒಂದು ಹರಳು. ಅಷ್ಟು ಸಣ್ಣ ಕಲ್ಲು 22 ಚಕ್ರವನ್ನು ಕಟ್ಟಿಹಾಕಿತ್ತು. ಹೆಗಲ ಮೇಲಿನ ಟವಲ್ಲಿನಿಂದ ಒರೆಸಿ, ವಾಷರನ್ನು ಮಗುಚಿ ಹಾಕಿ, ತಿರುಚಿ ಕೂರಿಸಿದರು. ಮತ್ತೆ ಎಂಜಿನ್ ಹಚ್ಚಿದಾಗ ಮುಳ್ಳು ಎಂಟು ದಾಟಿತು; ಹಿಂದೆಯೇ ಚಾಸಿಯ ಕೆಳಗಿಂದ ‘ಪುಸ್ಸ್’ ಎಂಬ ಭಾರೀ ಸದ್ದು. ನಾನು ಮಾರುದೂರ ಹಾರಿದೆ. ‘ಹೆದರಬ್ಯಾಡೋ, ಡ್ರೈಯರ್ ಒಳಗಿನ ನೀರು ಉಗುಳ್ತು’ ಎಂದರು ಮಾವ. ಅದೂ ರೋಗವಲ್ಲ. ಗಾಳಿಯ ತೇವ ತೆಗೆದು ಹೊರಹಾಕುವ ದಿನನಿತ್ಯದ ಕೆಲಸ.

ಇನ್ನು ರಿವರ್ಸ್ ಗೇರ್. ಅದರ ಕಥೆ ಉದ್ದ ಮಾಡುವುದಿಲ್ಲ, ಮಾವ ಓದುತ್ತಾರೆ. ಗೇರಿನ ಗುಂಡಿನ ಮೇಲಿನ ನಕ್ಷೆ ಯಾವುದೋ ಅಂಗೈಗೆ ಸವೆದು ಬೋಳಾಗಿತ್ತು. ಒಂಬತ್ತು ಗೇರಿನ ಪೆಟ್ಟಿಗೆಯಲ್ಲಿ ಎಲ್ಲ ಗೇರೂ ಬಿದ್ದವು, ಬೇಕಾದದ್ದೊಂದು ಬಿಟ್ಟು. ಕೊನೆಗೆ ಆ ಹಲ್ಲುಜ್ಜುತ್ತಿದ್ದ ಕ್ಲೀನರ್ ಹುಡುಗ ಬ್ರಶ್ಶನ್ನು ಬಾಯಲ್ಲೇ ಕಚ್ಚಿಕೊಂಡು ಹತ್ತಿ ಬಂದು, ಗುಂಡಿನ ಕೆಳಗಿದ್ದ ಬಳೆಯನ್ನು ಎರಡು ಬೆರಳಲ್ಲಿ ಮೇಲೆತ್ತಿ ಗೇರ್ ಹಾಕಿಕೊಟ್ಟು ಇಳಿದ. ‘ನಂಗ ಗೊತ್ತಿತ್ತು, ಹುಡುಗ ಹೆಂಗದಾನ ಅಂತ ನೋಡಿದೆ’ ಎಂದರು ಮಾವ.

ಹಳೆಯ ಲಾರಿಗಳ ರೋಗಪರೀಕ್ಷೆಗೆ ಮಾವನ ಬಳಿ ಒಂದು ಪದ್ಧತಿ ಇತ್ತು: ಹೊಗೆ ನೋಡುವುದು. ಕರಿ ಹೊಗೆಯಾದರೆ ಗಾಳಿ ಸಾಲದು ಅಥವಾ ಡೀಸೆಲ್ ಜಾಸ್ತಿ, ನೀಲಿಯಾದರೆ ಆಯಿಲ್ ಸುಡುತ್ತಿದೆ, ಬಿಳಿಯಾದರೆ ಡೀಸೆಲ್ ಉರಿಯುತ್ತಿಲ್ಲ ಅಥವಾ ನೀರು ಸೇರಿದೆ. ಡೀಸೆಲ್ ಟ್ಯಾಂಕು ಸೋರಿದರೆ ಬಟ್ಟೆ ಸೋಪು ಮೆತ್ತುವುದು. ಲೈನಿನಲ್ಲಿ ಗಾಳಿ ಹಿಡಿದರೆ ಬೋಲ್ಟು ಸಡಿಲಿಸಿ, ಗುಳ್ಳೆ ನಿಲ್ಲುವ ತನಕ ಕೈಪಂಪು ಒತ್ತುವುದು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಗಾಡಿಗಳು ಈ ವಿದ್ಯೆಗೆ ಕಲ್ಲು ಹಾಕಿದವು. ಮಸಿಯನ್ನೆಲ್ಲ ಫಿಲ್ಟರ್ ಹಿಡಿದಿಟ್ಟುಕೊಂಡು ಆಗಾಗ ತಾನೇ ಸುಟ್ಟುಹಾಕುತ್ತದೆ. ನೋಡಲು ಹೊಗೆಯೇ ಇಲ್ಲ. ಬದಲಿಗೆ ದೀಪಗಳಿವೆ.

ಕಲಘಟಗಿ ದಾಟಿದ ಮೇಲೆ ಅಂಥದ್ದೊಂದು ದೀಪ ಹೊತ್ತಿಕೊಂಡಿತು, ಏರಿನಲ್ಲಿ ಗಾಡಿಯ ದಮ್ಮು ಹೋಯಿತು. ಮಾವ ಡೀಸೆಲ್ ಫಿಲ್ಟರ್ ಕಟ್ಟಿದೆ ಎಂದರು. ನಾನು ದೀಪದ ಚಿತ್ರವನ್ನು ಗಾಡಿಯ ಪುಸ್ತಕದಲ್ಲಿ ಹುಡುಕಿದೆ: ಡಿಇಎಫ್ ಮುಗಿದಿದೆ. ಡ್ರೈವರುಗಳ ಬಾಯಲ್ಲಿ ಇದು ಬರೀ ‘ಯೂರಿಯಾ’. ನೂರಕ್ಕೆ 32.5 ಪಾಲು ಶುದ್ಧ ಯೂರಿಯಾ, ಉಳಿದದ್ದು ಖನಿಜ ತೆಗೆದ ನೀರು. ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡುಗಳನ್ನು ಕೊಲ್ಲಲು ಸೈಲೆನ್ಸರಿನ ದಾರಿಯಲ್ಲಿ ಇದನ್ನು ಸಿಂಪಡಿಸುತ್ತಾರೆ. ಮುಗಿದರೆ ಎಂಜಿನ್ ಬೇಕೆಂದೇ ಶಕ್ತಿ ಕಡಿಮೆ ಮಾಡಿಕೊಳ್ಳುತ್ತದೆ. ಮಾವನಿಗೆ ಸಿಟ್ಟು ನೆತ್ತಿಗೇರಿತು. ‘ಸೊಸೈಟಿ ಮುಂದ ಪಾಳಿ ಹಚ್ಚಿದರೂ ನಮ್ಮ ಗೋವಿನಜೋಳಕ್ಕ ಒಂದು ಚೀಲ ಸಿಗವಲ್ತು, ಇದು ರಸ್ತೆ ಮ್ಯಾಲೆ ಕುಡಕೋತ ಹೊಂಟೈತಿ!’ ಹೊಲದ ಯೂರಿಯಾವನ್ನೇ ನೀರಿಗೆ ಕಲಸಿ ಹುಯ್ಯಬಾರದೇಕೆ ಎಂಬುದು ಅವರ ಮುಂದಿನ ಪ್ರಶ್ನೆ. ಹುಯ್ಯಬಾರದು. ರೈತರ ಯೂರಿಯಾಕ್ಕೆ ಬೇವಿನೆಣ್ಣೆ ಬಳಿದಿರುತ್ತಾರೆ, ಬಾವಿ ನೀರಿನಲ್ಲಿ ಲವಣ ಇರುತ್ತದೆ. ಎರಡೂ ಸೇರಿದರೆ ಒಳಗಿನ ದುಬಾರಿ ಸಾಮಾನು ಹಾಳು. ಮುಂದಿನ ಬಂಕಿನಲ್ಲಿ ಒಂದು ಬಕೆಟ್ ಕೊಂಡು ಹುಯ್ದೆವು. ಗಾಡಿಗೆ ಮತ್ತೆ ದಮ್ಮು ಬಂತು.

ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇನ್ನೇನು ಬಂತು ಎನ್ನುವಾಗ ಮತ್ತೊಂದು ದೀಪ, ಈ ಸಲ ಕೆಂಪು. ಪರದೆಯ ಮೇಲೆ ಒಂದು ಸಂಖ್ಯೆ: 111. ಮಾವ ಗಾಡಿಯನ್ನು ಸಮತಟ್ಟಾದ ಜಾಗಕ್ಕೆ ತಂದು ನಿಲ್ಲಿಸಿ, ಆ ಮೂರು ಗೀಟುಗಳನ್ನು ದಿಟ್ಟಿಸಿ ನೋಡಿ ಹೇಳಿದರು, ‘ನೋಡ್ಲೇ, ಗಾಡಿ ನಮಗ ಮೂರು ನಾಮ ಹಾಕೈತಿ.’

ಸಹಾಯವಾಣಿಗೆ ಫೋನ್ ಮಾಡಿದೆ. ಒಂದು ಒತ್ತಿ, ಎರಡು ಒತ್ತಿ ಎಲ್ಲ ಮುಗಿದ ಮೇಲೆ ಬಂದ ಹೆಣ್ಣುಮಗಳು ಬಹಳ ಮರ್ಯಾದೆಯಿಂದ, ‘ಕೋಡ್ ಹೇಳಿ ಸರ್’ ಎಂದಳು. ಹೇಳಿದೆ. ‘ಅದು ಕೂಲೆಂಟ್ ಮಟ್ಟ ಸರ್, ಕಡಿಮೆಯಾಗಿದೆ.’ ಲೋಕದ ಬಹುಪಾಲು ದೊಡ್ಡ ಲಾರಿಗಳು ಒಪ್ಪಿಕೊಂಡ ಸಂಖ್ಯೆಗಳಂತೆ ಇವು. 100 ಎಂದರೆ ಆಯಿಲ್ ಒತ್ತಡ, 110 ಎಂದರೆ ಕೂಲೆಂಟಿನ ಬಿಸಿ, 111 ಎಂದರೆ ಅದರ ಮಟ್ಟ. ಮಾವನಿಗೆ ಇದು ಇಷ್ಟವಾಯಿತು. ಇಡೀ ದಿನದಲ್ಲಿ ಗಾಡಿ ನೆಟ್ಟಗೆ ಮಾತಾಡಿದ್ದು ಅದೊಂದೇ ಸಲ.

ಕಡಿಮೆ ಯಾಕಾಯಿತು ಎಂಬುದನ್ನು ಸಂಖ್ಯೆ ಹೇಳುವುದಿಲ್ಲ. ಅದಕ್ಕೆ ಕಣ್ಣೇ ಬೇಕು. ಕ್ಯಾಬಿನ್ ಎತ್ತಬೇಕು. ಟ್ರೈಲರಿನ ಚಕ್ರಕ್ಕೆ ಕಲ್ಲು ಕೊಟ್ಟು, ಎಂಜಿನ್ ಆರಲು ಬಿಟ್ಟು, ಬದಿಯಲ್ಲಿದ್ದ ಪಂಪಿಗೆ ರಾಡು ಸಿಕ್ಕಿಸಿ ನಾನು ಒತ್ತತೊಡಗಿದೆ. (ಹೊರಡುವಾಗ ಆ ಕಲ್ಲನ್ನು ರಸ್ತೆಯಲ್ಲೇ ಬಿಟ್ಟುಹೋಗುವ ಡ್ರೈವರನ್ನು ಮಾವ ಮನುಷ್ಯರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕತ್ತಲಲ್ಲಿ ಹಿಂದೆ ಬರುವ ಬೈಕಿನವನಿಗೆ ಅದು ಯಮ.) ಕ್ಯಾಬಿನ್ ಮುಂದಕ್ಕೆ ಬಾಗಿ ಬಾಗಿ ರಸ್ತೆಗೆ ನಮಸ್ಕಾರ ಹಾಕುವ ಭಂಗಿಗೆ ಬರುತ್ತಿದ್ದ ಹಾಗೆ ಒಳಗಿಂದ ಒಂದೊಂದೇ ಸದ್ದು ಕೇಳತೊಡಗಿತು. ಮೊದಲು ನೀರಿನ ಬಾಟಲಿ. ನಂತರ ಫ್ಲಾಸ್ಕು. ಆಮೇಲೆ ಕಂಬಳಿ ಸಮೇತ ಯಾರದೋ ಒಂದು ಜೊತೆ ಚಪ್ಪಲಿ. ಕಟ್ಟಕಡೆಗೆ, ಅತ್ತೆ ಕಟ್ಟಿಕೊಟ್ಟಿದ್ದ ಗಿರ್ಮಿಟ್ಟಿನ ಡಬ್ಬಿ ಮುಚ್ಚಳ ಕಳೆದುಕೊಂಡು ಮುಂಗಾಜಿನ ಮೇಲೆ ಬಿತ್ತು. ಹೊರಗಿನಿಂದ ನೋಡಿದರೆ ಗಾಜಿಗೆ ಅಂಟಿದ ಮಂಡಕ್ಕಿ, ಈರುಳ್ಳಿ, ಪುಟಾಣಿ ಪುಡಿ. ಅವುಗಳ ನಡುವೆ, ತಲೆಕೆಳಗಾಗಿದ್ದರೂ ಗದೆ ಬಿಡದ ಆಂಜನೇಯ.

ಎಂಜಿನ್ನಿನ ಪಕ್ಕದ ಒಂದು ಹೋಸ್ ಪೈಪಿನ ಬಾಯಲ್ಲಿ ಹಸಿರು ಹನಿಯೊಂದು ತೂಗುತ್ತಿತ್ತು. ಕ್ಲಿಪ್ಪು ಸಡಿಲಾಗಿತ್ತು. ಮಾವ ಸ್ಕ್ರೂಡ್ರೈವರಿನಿಂದ ನಾಲ್ಕು ಸುತ್ತು ಬಿಗಿದರು. ಬಿಸಿ ಇರುವಾಗ ಮುಚ್ಚಳ ತೆಗೆದು ಮೋರೆ ಬೇಯಿಸಿಕೊಂಡವರ ಹೆಸರುಗಳನ್ನು ಊರು ಸಮೇತ ಹೇಳುತ್ತಾ, ಪೂರ್ತಿ ತಣ್ಣಗಾಗುವವರೆಗೆ ಕಾಯಿಸಿದರು. ಸೀಟಿನ ಕೆಳಗಿದ್ದ ಡಬ್ಬಿಯಿಂದ ಕೂಲೆಂಟ್ ಹುಯ್ದಾಗ ನಾಮ ಅಳಿಸಿಹೋಯಿತು. ದಿನವೆಲ್ಲ ನಾವು ಪಟ್ಟ ಪಾಡಿನಲ್ಲಿ ನಿಜವಾದ ರೋಗ ಎಂದರೆ ಆ ಹರಳು ಮತ್ತು ಈ ಕ್ಲಿಪ್ಪು, ಎರಡೇ. ಎರಡಕ್ಕೂ ಬೇಕಾದ ಸಲಕರಣೆ ಟವಲ್ಲು, ಸೋಪಿನ ನೀರು, ಸ್ಕ್ರೂಡ್ರೈವರ್. ಉಳಿದದ್ದೆಲ್ಲ ಲಾರಿಯ ಸ್ವಭಾವ, ನಮಗೆ ಪರಿಚಯವಿರಲಿಲ್ಲ ಅಷ್ಟೆ. ಸೆನ್ಸರುಗಳು ಒಂದೂ ಕೆಟ್ಟಿರಲಿಲ್ಲ.

ಲಾರಿ ಮಾಲೀಕರಲ್ಲಿ ನನ್ನದೊಂದು ವಿನಂತಿ. ಇನ್ನೊಬ್ಬರ ಕೈಗೆ ಕೀಲಿ ಕೊಡುವಾಗ ಜೊತೆಗೊಂದು ಚೀಟಿ ಕೊಡಿ. ಬ್ಯಾಟರಿ ಸ್ವಿಚ್ ಎಲ್ಲಿದೆ, ರಿವರ್ಸ್ ಹೇಗೆ ಬೀಳುತ್ತದೆ, ಯೂರಿಯಾ ಎಷ್ಟಿದೆ, ಯಾವ ಸದ್ದಿಗೆ ಹೆದರಬೇಕಾಗಿಲ್ಲ ಎಂದು ನಾಲ್ಕು ಸಾಲು ಬರೆದರೆ ಸಾಕು. ಕ್ಯಾಬಿನ್ ಎತ್ತುವ ಮುಂಚೆ ತಿಂಡಿ ಡಬ್ಬಿ ಇಳಿಸಿಕೊಳ್ಳಿ ಎಂಬುದನ್ನೂ ಸೇರಿಸಿದರೆ ಪುಣ್ಯ ಬರುತ್ತದೆ. ಕೊನೆಗೆ ಫೋನ್ ನಂಬರ್ ಬರೆಯುವುದಾದರೆ, ಮದುವೆಮನೆಯಲ್ಲಿದ್ದರೂ ಎತ್ತುವವರ ನಂಬರನ್ನೇ ಬರೆಯಿರಿ.